ಬೇಡ, ವ್ಯಾಗನ್‌ಗೆ ಭಾರ ಆಗುತ್ತೆ

ಹೋದ ತಿಂಗಳು ನಮ್ಮ ಮನೆಯ ಹಳೆಯ ಫ್ರಿಜ್ಜನ್ನು ತಂಗಿಯ ಮನೆಗೆ ಸಾಗಿಸಬೇಕಿತ್ತು. ತಕ್ಷಣ ಗೆಳೆಯನ ನೆನಪಾಯಿತು. ಅವನ ಹತ್ತಿರ ಹಳೆಯ ಸ್ಟೇಷನ್ ವ್ಯಾಗನ್ ಇದೆ, ಅಂದರೆ ಡಿಕ್ಕಿಯ ಜಾಗದಲ್ಲೂ ಸೂರು ಮುಂದುವರಿದ ಉದ್ದನೆಯ ಕಾರು. ಹಿಂದಿನ ಸೀಟು ಮಡಚಿದರೆ ಫ್ರಿಜ್ ಏನು, ಅದರ ಪಕ್ಕ ನಾನೂ ಕಾಲು ಚಾಚಿ ಮಲಗಬಹುದು. ಅಷ್ಟು ಜಾಗ. ಫೋನ್ ಮಾಡಿದೆ.

"ಫ್ರಿಜ್ಜಾ?" ಅಂದ. ಅವನ ಮಗಳ ವೀಣೆಯ ಮೇಲೆ ಒದ್ದೆ ಬಟ್ಟೆ ಒಣಹಾಕಲಾ ಅಂತ ಕೇಳಿದ ಹಾಗಿತ್ತು ದನಿ.

"ಹೌದು ಕಣೋ, ಸಣ್ಣದು."

"ಕಾರ್ಪೆಟ್ ಒರಿಜಿನಲ್ಲು."

"ಬೆಡ್‌ಶೀಟ್ ಹಾಸ್ತೀನಿ."

"ಹಿಂದಿನ ಸ್ಪ್ರಿಂಗ್ ಹೊಸದು ಕಣೋ. ಇನ್ನೂ ಸರಿಯಾಗಿ ಕೂತಿಲ್ಲ. ಭಾರ ಆಗುತ್ತೆ."

ಸ್ಪ್ರಿಂಗ್ ಕೂರಬೇಕಾದರೆ ಅದರ ಮೇಲೆ ಏನಾದರೂ ಹೇರಬೇಕಲ್ವಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಆದರೂ ಅವನು ಕೈ ಬಿಡುವವನಲ್ಲ. ಒಂದು ಗಂಟೆಯಲ್ಲಿ ಮನೆ ಮುಂದೆ ಹಾಜರಾದ, ಬಾಡಿಗೆ ಪಿಕಪ್‌ನಲ್ಲಿ. ಬಾಡಿಗೆಯನ್ನೂ ಅವನೇ ಕೊಟ್ಟಿದ್ದ. ದಾರಿಯುದ್ದಕ್ಕೂ ತನ್ನ ವ್ಯಾಗನ್‌ನಲ್ಲಿ ಎಷ್ಟು ಜಾಗ ಇದೆ ಅಂತ ವರ್ಣಿಸುತ್ತಾ ಬಂದ.

ಸ್ಟೇಷನ್ ವ್ಯಾಗನ್ ಅನ್ನುವುದು ಹುಟ್ಟಿನಿಂದಲೇ ಕೂಲಿಯವನ ಹೆಸರು. ಅಮೆರಿಕದಲ್ಲಿ ರೈಲು ನಿಲ್ದಾಣಕ್ಕೆ ಹೋಗಿ, ಇಳಿದವರನ್ನೂ ಅವರ ಪೆಟ್ಟಿಗೆಗಳನ್ನೂ ಹೇರಿಕೊಂಡು ಬರುತ್ತಿದ್ದ ಮರದ ಮೈಯ ಗಾಡಿ ಅದು. ಆಮೇಲೆ ಸಂಸಾರದ ಗಾಡಿಯಾಯಿತು. ಮಕ್ಕಳು, ನಾಯಿ, ಏಣಿ, ಹಾಸಿಗೆ, ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಮರ್ಸಿಡಿಸ್ 1977ರಲ್ಲಿ ತನ್ನದೇ ಕಾರ್ಖಾನೆಯ ಮೊದಲ ವ್ಯಾಗನ್ ತೋರಿಸಿದಾಗ ಅದರ ಹೆಸರಿಗೆ 'ಟಿ' ಅಕ್ಷರ ಸೇರಿಸಿತು. ಪ್ರವಾಸ ಮತ್ತು ಸಾಗಣೆ ಅಂತ ಅದರ ಅರ್ಥ. ಹಿಂದೆ ಎಷ್ಟೇ ಹೇರಿದರೂ ಗಾಡಿ ಮೂತಿ ಮೇಲೆತ್ತಬಾರದು ಅಂತ ತಾನಾಗಿಯೇ ಎತ್ತರ ಸರಿ ಮಾಡಿಕೊಳ್ಳುವ ಸಸ್ಪೆನ್ಷನ್ ಕೊಟ್ಟರು. ಅದಕ್ಕೊಂದು ಪಂಪು, ಒಂದಷ್ಟು ಎಣ್ಣೆ, ಸಾರಜನಕ ತುಂಬಿದ ಗುಂಡುಗಳು.

ಇವತ್ತಿನ ಮಾಲೀಕರು ಆ ಗುಂಡು ಬದಲಿಸುತ್ತಾರೆ, ಎಣ್ಣೆ ಬದಲಿಸುತ್ತಾರೆ, ಸೋರುವ ಪೈಪಿನ ಕೆಳಗೆ ರಾತ್ರಿಯೆಲ್ಲಾ ಟಾರ್ಚ್ ಹಿಡಿದು ಮಲಗುತ್ತಾರೆ. ಎಲ್ಲಾ ಸರಿಹೋದ ಮೇಲೆ ಹಿಂದೆ ಹೇರುವುದೇನು ಗೊತ್ತಾ? ಒಂದು ಬೆತ್ತದ ಬುಟ್ಟಿ. ಖಾಲಿ. ಪಕ್ಕಕ್ಕೆ ಮಡಚಿದ ಚೌಕಳಿ ಕಂಬಳಿ. ಮೇಲೆ ಕ್ಯಾರಿಯರ್‌ನಲ್ಲಿ ಎರಡು ಹಳೆಯ ಚರ್ಮದ ಸೂಟ್‌ಕೇಸು, ಬೆಲ್ಟು ಬಿಗಿದು. ಅವೂ ಖಾಲಿ. ಇದು ಹಳೆಯ ಕಾರುಗಳ ಪ್ರದರ್ಶನದ ದಿನದ ವೇಷ. ಆ ಖಾಲಿ ಬುಟ್ಟಿಯ ಭಾರಕ್ಕೆ ಸಸ್ಪೆನ್ಷನ್ ತಾನಾಗಿಯೇ ಎತ್ತರ ಸರಿ ಮಾಡಿಕೊಳ್ಳುತ್ತಾ ನಿಂತಿರುತ್ತದೆ, ಪಾಪ.

ಅಂಥ ಪ್ರದರ್ಶನಕ್ಕೆ ಒಮ್ಮೆ ಗೆಳೆಯನ ಜತೆ ಹೋಗಿದ್ದೆ. ಅಲ್ಲಿ ಇಬ್ಬರು ನಡುವಯಸ್ಸಿನವರು ಫೋರ್ಡ್ ಕಂಟ್ರಿ ಸ್ಕ್ವೈರ್ ಅನ್ನುವ ವ್ಯಾಗನ್‌ನ ಪಕ್ಕೆಗೆ ಮೂಗು ತಾಗಿಸಿ ಕುಕ್ಕರುಗಾಲಲ್ಲಿ ಕೂತಿದ್ದರು. ಒಬ್ಬರ ಕೈಯಲ್ಲಿ ಭೂತಕನ್ನಡಿ. ಗಾಡಿಯ ಮೈತುಂಬಾ ಮರದ ಹಲಗೆ, ಅಂದರೆ ಮರದ ಹಲಗೆಯಂತೆ ಕಾಣುವ ಪ್ಲಾಸ್ಟಿಕ್ ಪದರ.

"ಛೆ, ಇದು ನಕಲಿ" ಅಂದರು ಒಬ್ಬರು.

"ಮರ ಅಲ್ವಾ ಸಾರ್?" ಅಂದೆ, ಸುಮ್ನಿರಲಾರದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮರ ಯಾಕಿರುತ್ತೆ? ಇದರಲ್ಲಿ ಮರ ಇರಲೇಬಾರದು. ಇದು ನಕಲಿ ಮರದ ನಕಲಿ. ಅಸಲಿ ನಕಲಿ ಮರದ ಗೆರೆ ಇಷ್ಟು ಒತ್ತೊತ್ತಾಗಿ ಬರಲ್ಲ."

ಈ ಮಾತು ಅರಗಿಸಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಮೊದಲು ವ್ಯಾಗನ್‌ಗಳ ಮೈ ನಿಜಕ್ಕೂ ಮರದ್ದೇ. ಮರ ಅಂದಮೇಲೆ ವಾರ್ನಿಷ್ ಬಳಿಯುತ್ತಲೇ ಇರಬೇಕು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಕೀಲು ಸಡಿಲಾಗಿ ಕಿರುಗುಟ್ಟುತ್ತದೆ. ಜನ ರೋಸಿಹೋದರು, ಉಕ್ಕಿನ ಮೈ ಬಂತು. ಆದರೆ ಮರ ಹೋದರೆ ಗತ್ತೂ ಹೋಗುತ್ತಲ್ಲ? ಅದಕ್ಕೆ 1950ರ ದಶಕದಲ್ಲಿ ಉಕ್ಕಿನ ಮೇಲೆ ಮರದ ಚಿತ್ರ ಅಂಟಿಸಿದರು. ಸುತ್ತ ಚೌಕಟ್ಟಿಗೆ ಫೈಬರ್‌ಗ್ಲಾಸ್ ಪಟ್ಟಿ, ಅದರ ಮೇಲೂ ಮರದ ಗೆರೆ. ಕಂಟ್ರಿ ಸ್ಕ್ವೈರ್ 1991ರಲ್ಲಿ ಕಣ್ಣು ಮುಚ್ಚುವವರೆಗೂ ಈ ಮರ ಹೋಗಲಿಲ್ಲ. ಮರದ ಕಾಟ ತಪ್ಪಲಿ ಅಂತ ತಂದ ಆ ಸ್ಟಿಕ್ಕರು ಈಗ ಮುಪ್ಪಾಗಿದೆ. ಬಣ್ಣ ಮಾಸಿ, ಅಂಚು ಸುರುಳಿ ಸುತ್ತಿ, ಮುಟ್ಟಿದರೆ ಚಕ್ಕೆ ಏಳುತ್ತದೆ. ಅದನ್ನು ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಕೂದಲೆಳೆಯಷ್ಟಾಗಿ ಕೆರೆದು ತೆಗೆಯಬೇಕು, ಹೊಸದನ್ನು ಗುಳ್ಳೆ ಬಾರದ ಹಾಗೆ ಅಂಟಿಸಬೇಕು. ಈ ಕೆಲಸ ಮಾಡಿದವರನ್ನು ಕೇಳಿ ನೋಡಿ, ಇದಕ್ಕಿಂತ ಮರವೇ ವಾಸಿಯಾಗಿತ್ತು ಅಂತಾರೆ. ಆದರೆ ಮರ ಹಾಕುವಂತಿಲ್ಲ. ಹಾಕಿದರೆ ಒರಿಜಿನಲ್ ಅಲ್ಲ.

ಮರವೇ ಬೇಕು ಅನ್ನುವವರಿಗೂ ಒಂದು ಗಾಡಿ ಇದೆ, ಬ್ರಿಟನ್ನಿನ ಮಾರಿಸ್ ಮೈನರ್ ಟ್ರಾವಲರ್. 1953ರಿಂದ 1971ರವರೆಗೆ ತಯಾರಾಯಿತು. ಅದರ ಹಿಂಭಾಗದಲ್ಲಿ ಕಾಣುವ ಆಶ್ ಮರದ ಚೌಕಟ್ಟು ಅಲಂಕಾರಕ್ಕಲ್ಲ. ಮೈ ನಿಂತಿರುವುದೇ ಅದರ ಮೇಲೆ. ಮರ ಕೊಳೆತರೆ ಗಾಡಿಯೇ ಕುಂಟುತ್ತದೆ. ಕಿಟಕಿಯ ಅಂಚಿನಲ್ಲಿ ಪಾಚಿ ಬೆಳೆಯುತ್ತದೆ. ಬೇರೆ ಕಾರಿನವರು ಮೆಕ್ಯಾನಿಕ್ ಹುಡುಕಿದರೆ ಇವರು ಬಡಗಿಯನ್ನು ಹುಡುಕುತ್ತಾರೆ. ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಉಳಿ, ಮರಳು ಕಾಗದ. ಇದೊಂದೇ ಗಾಡಿಗೆ ಸರ್ವಿಸ್ ಮಾಡಿಸುವುದೋ ಕತ್ತರಿ ಆಡಿಸುವುದೋ ಅಂತ ಗೊಂದಲವಾಗಬಹುದು.

ಅಂಥ ಗಾಡಿಯನ್ನು ವರ್ಷಕ್ಕೊಮ್ಮೆ ಯಾರಾದರೂ ತಟ್ಟಿ ನೋಡುವುದು ಒಳ್ಳೆಯದು ಅಂತ ನಿಮಗೆ ಅನ್ನಿಸಬಹುದು. ಅಲ್ಲಿನ ಸರ್ಕಾರಕ್ಕೆ ಹಾಗೆ ಅನ್ನಿಸಿಲ್ಲ. 2018ರ ಮೇ ತಿಂಗಳಿಂದ ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡಿಸದ ಕಾರಿಗೆ ವಾರ್ಷಿಕ ಪರೀಕ್ಷೆ ಕಡ್ಡಾಯವಲ್ಲ. 39 ವರ್ಷದ ಗಾಡಿಯ ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡಲೇಬೇಕು. ನಲವತ್ತು ದಾಟಿದರೆ ನಂಬಿಕೆ. ಮನುಷ್ಯನಿಗೆ ವಯಸ್ಸಾದಂತೆ ಡಾಕ್ಟರ ಹತ್ತಿರ ಓಡಾಟ ಜಾಸ್ತಿ, ಗಾಡಿಗೆ ಕಮ್ಮಿ.

ಜರ್ಮನಿಯವರು ಹತ್ತು ವರ್ಷ ಮೊದಲೇ ಕೈಮುಗಿಯುತ್ತಾರೆ. ಅಲ್ಲಿ 30 ವರ್ಷ ತುಂಬಿ, ಅಂದಚಂದವಾಗಿ ಉಳಿದಿರುವ ಕಾರಿಗೆ ನಂಬರ್ ಪ್ಲೇಟಿನ ಕೊನೆಯಲ್ಲಿ 'ಎಚ್' ಅಕ್ಷರ ಸಿಗುತ್ತದೆ. ಐತಿಹಾಸಿಕ ಅಂತ. ಹೊಗೆ ಜಾಸ್ತಿ ಬಿಡುವ ಗಾಡಿಗಳಿಗೆ ಪ್ರವೇಶವಿಲ್ಲದ ಊರೊಳಗಿನ ಪರಿಸರ ವಲಯಕ್ಕೆ ಈ ಎಚ್ ಗಾಡಿಗಳು ರಾಜಾರೋಷವಾಗಿ ಹೋಗಬಹುದು. ಹಳೆಯ ಡೀಸೆಲ್ ವ್ಯಾಗನ್ ಬೆಳಗ್ಗೆ ಸ್ಟಾರ್ಟ್ ಆಗುವುದನ್ನು ನೀವು ನೋಡಿದ್ದರೆ ಮುಂದಿನದು ಹೇಳಬೇಕಿಲ್ಲ. ಅದಕ್ಕಿಂತ ಎಷ್ಟೋ ಚಿಕ್ಕ ಪ್ರಾಯದ ಡೀಸೆಲ್ ಕಾರು ಗಡಿಯಲ್ಲೇ ನಿಂತು ಇದರ ಹೊಗೆ ಕುಡಿಯುತ್ತದೆ. ಅದು ಬರೀ ಮಾಲಿನ್ಯ, ಇದು ಪರಂಪರೆ.

ಅಮೆರಿಕಕ್ಕೆ ಅಷ್ಟೂ ತಾಳ್ಮೆ ಇಲ್ಲ. ಹೊರದೇಶದ ಕಾರು ಅಲ್ಲಿನ ಸುರಕ್ಷತೆಯ ನಿಯಮಗಳಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, 25 ವರ್ಷ ತುಂಬುವವರೆಗೆ. ತುಂಬಿದ ಮೇಲೆ ಆ ನಿಯಮದ ತಕರಾರಿಲ್ಲ. ಆಡಿಯ 1994ರ ಆರ್‌ಎಸ್2 ಅವಾಂಟ್ ಅನ್ನುವ ವೇಗದ ವ್ಯಾಗನ್‌ಗಾಗಿ ಅಲ್ಲಿನ ಭಕ್ತರು 2019ರವರೆಗೆ ಕ್ಯಾಲೆಂಡರ್ ಹಾಳೆ ಹರಿಯುತ್ತಾ ಕೂತರು. ಹೊಸದಿದ್ದಾಗ ಅಪಾಯಕಾರಿ, ರಬ್ಬರೆಲ್ಲಾ ಗಟ್ಟಿಯಾದ ಮೇಲೆ ಸುರಕ್ಷಿತ.

ವ್ಯಾಗನ್ ಹೊಸದಾಗಿ ಸಿಗುತ್ತಿದ್ದ ಕಾಲದಲ್ಲಿ ಇದೇ ದೇಶ ಅದಕ್ಕೆ ಏನು ಮಾಡಿತು ಅಂತಲೂ ನೋಡಿ. ತೈಲದ ಬಿಕ್ಕಟ್ಟಿನ ನಂತರ, 1975ರಲ್ಲಿ, ಇಂಧನ ಉಳಿಸಲು ಕಾನೂನು ಬಂತು. ಕಾರಿಗೆ ಮೈಲೇಜಿನ ಒಂದು ಅಳತೆ, ಸಣ್ಣ ಲಾರಿಗೆ ಸಡಿಲವಾದ ಇನ್ನೊಂದು ಅಳತೆ. ವ್ಯಾಗನ್ ಕಾರಿನ ಲೆಕ್ಕಕ್ಕೆ ಬಿತ್ತು. ಅದೇ ಗಂಡ, ಅದೇ ಹೆಂಡತಿ, ಅದೇ ಮಕ್ಕಳು, ಅದೇ ನಾಯಿ ಎತ್ತರದ ಎಸ್‌ಯುವಿ ಹತ್ತಿ ಕೂತರೆ ಅದು ಲಾರಿ! 1984ರ ಮಾಡೆಲ್ ಆಗಿ ಬಂದ ಕ್ರೈಸ್ಲರ್ ಮಿನಿವ್ಯಾನ್ ಕೂಡ ಲಾರಿ. ಮುಂದೆ ಗೊಂಬೆಯಂಥ ಪಿಟಿ ಕ್ರೂಸರ್ ಕೂಡ ಸರ್ಕಾರಿ ಕಾಗದದಲ್ಲಿ ಲಾರಿಯಾಯಿತು. ಸುಬಾರು ಅಂತೂ ತನ್ನ ಔಟ್‌ಬ್ಯಾಕ್ ವ್ಯಾಗನ್ನನ್ನು 2005ರ ಮಾಡೆಲ್‌ನಲ್ಲಿ ಸ್ವಲ್ಪ ಎತ್ತರಿಸಿ ಲಾರಿ ಜಾತಿಗೆ ಸೇರಿಸಿತು. ನೆಲ ಬಿಟ್ಟು ಮೇಲೆದ್ದರೆ ಸಾಕು, ನಿಯಮ ಕೆಳಗಿಂದ ಹಾದುಹೋಗುತ್ತದೆ.

ಹೊಟ್ಟೆ ಉರಿಸುವುದು ಬ್ಯೂಕ್ ರೋಡ್‌ಮಾಸ್ಟರ್‌ನ ಕಥೆ. ಅಮೆರಿಕದ ಕೊನೆಯ ದೈತ್ಯ ವ್ಯಾಗನ್‌ಗಳಲ್ಲಿ ಒಂದು. ಪಕ್ಕೆಗೆ ಅಸಲಿ ನಕಲಿ ಮರ, 1994ರಿಂದ 260 ಅಶ್ವಶಕ್ತಿಯ 5.7 ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. 1996ರಲ್ಲಿ ನಿಲ್ಲಿಸಿದರು. ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿದ್ದ ಅದರ ಕಾರ್ಖಾನೆ ಎಸ್‌ಯುವಿ ಮಾಡಲು ಬೇಕಿತ್ತು. ಈಗ ಅದರ ಹೆಸರು ಹೇಳಿದರೆ ಗಂಡಸರ ಕಣ್ಣು ತೇವವಾಗುತ್ತದೆ. ಇದ್ದಾಗ ಕೇಳುವವರಿಲ್ಲ, ಹೋದ ಮೇಲೆ ಹಾಡಿ ಹೊಗಳುವವರೇ. ಅದರ ದೋಷವನ್ನೂ ಹೊಗಳುತ್ತಾರೆ. ಆ ಎಂಜಿನ್ನಿನಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ನೀರಿನ ಪಂಪಿನ ಕೆಳಗೇ ಕೂರಿಸಿದ್ದಾರೆ. ಪಂಪು ಸೋರಿದರೆ ತಲೆಗೆ ನೇರ ಅಭಿಷೇಕ. "ಅದೊಂದು ಬಿಟ್ಟರೆ ಬಂಗಾರದಂಥ ಎಂಜಿನ್ನು" ಅಂತಾರೆ. ಕಿಡಿ ಬಾರದ ಪೆಟ್ರೋಲ್ ಎಂಜಿನ್ನಿನಲ್ಲಿ ಬಿಡುವುದಕ್ಕೆ ಇನ್ನೇನು ಉಳಿಯಿತೋ!

ವೋಲ್ವೊ 240 ಭಕ್ತರದು ಇನ್ನೊಂದು ಪಂಥ. 1974ರಿಂದ 1993ರವರೆಗೆ ಇಟ್ಟಿಗೆಯಂಥ ಅದೇ ಆಕಾರ. ಸಾಯದ ಗಾಡಿ ಅಂತ ಹೆಸರು. ನಿಜ, ಸಾಯುವುದಿಲ್ಲ. ಆದರೆ 1980ರ ದಶಕದ ಗಾಡಿಗಳಲ್ಲಿ ಎಂಜಿನ್ ವೈರುಗಳ ಹೊದಿಕೆ ಪುಡಿಪುಡಿಯಾಗಿ ಉದುರುತ್ತದೆ. ಹೀಟರಿನ ಫ್ಯಾನ್ ಮೋಟಾರ್ ಬದಲಿಸಬೇಕಾದರೆ ಡ್ಯಾಶ್‌ಬೋರ್ಡ್ ಬಿಚ್ಚಿ ಮಗುಚಬೇಕು. ಮೊದಲು ಆ ಮೋಟಾರ್ ಇಟ್ಟು ಆಮೇಲೆ ಸುತ್ತ ಕಾರು ಕಟ್ಟಿದ್ದಾರೆ ಅಂತ ಮಾಲೀಕರೇ ನಗುತ್ತಾರೆ. ಕಿಲೋಮೀಟರ್ ಎಣಿಸುವ ಪ್ಲಾಸ್ಟಿಕ್ ಹಲ್ಲಿನ ಚಕ್ರ ಒಂದು ದಿನ ಮುರಿದು ಎಣಿಕೆ ನಿಂತುಬಿಡುತ್ತದೆ. ಇದನ್ನು ಮಾತ್ರ ಯಾರೂ ಗಡಿಬಿಡಿಯಲ್ಲಿ ರಿಪೇರಿ ಮಾಡಿಸುವುದಿಲ್ಲ. ವಯಸ್ಸು ನಿಂತರೆ ಯಾರಿಗೆ ಬೇಡ?

ಅಪ್‌ಗ್ರೇಡ್ ವಿಷಯಕ್ಕೆ ಬಂದರೆ, ಒಂದೇ ನಿಯಮ. ಏನು ಬೇಕಾದರೂ ಹಾಕಿ, ಕಾಣಬಾರದು. ಹಳೆಯ ರೇಡಿಯೋದ ಮೂತಿಯ ಹಿಂದೆ ಬ್ಲೂಟೂತ್. ಮಂಕಾದ ಗಾಜಿನ ಹಿಂದೆ ಎಲ್‌ಇಡಿ. ವಿ8 ಹಾಕುವ ಹುಚ್ಚರೂ ಇದ್ದಾರೆ, ಅವರಿಗೆ ಗುರು ನಟ ಪಾಲ್ ನ್ಯೂಮನ್, ತನ್ನ ವೋಲ್ವೊ ವ್ಯಾಗನ್‌ಗೆ ವಿ8 ಕೂರಿಸಿಕೊಂಡು ಓಡಾಡಿದವನು. ಅವನ ಮಾತು ಬೇರೆ. 1979ರ ಲೆ ಮಾನ್ಸ್ ರೇಸಿನಲ್ಲಿ ಎರಡನೇ ಸ್ಥಾನ ಪಡೆದ ತಂಡದ ಚಾಲಕ ಅವನು.

ನಮ್ಮ ಗೆಳೆಯನದು ಸ್ಪ್ರಿಂಗ್ ಹುಚ್ಚು. ಮೊದಲು, ವ್ಯಾಗನ್ ಅಂದಮೇಲೆ ಭಾರ ಹೊರಬೇಕು ಅಂತ ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ. ಭಾರ ಹೊರಲಿಲ್ಲವಾದ್ದರಿಂದ ಹಿಂಭಾಗ ಮೇಲೆದ್ದು ಗಾಡಿ ನೆಲ ಮೂಸುವ ನಾಯಿಯ ಹಾಗೆ ನಿಂತಿತು. ಚೆನ್ನಾಗಿ ಕಾಣಲ್ಲ ಅಂತ ಅದನ್ನು ತೆಗೆಸಿ ಗಿಡ್ಡ ಸ್ಪ್ರಿಂಗ್ ಹಾಕಿಸಿದ. ಈಗ ನೋಡಲು ಸೊಗಸು. ಆದರೆ ಹಿಂದೆ ಇಬ್ಬರು ಕೂತರೆ ಟೈರು ಒಳಗೆ ಉಜ್ಜುತ್ತದೆ. ಹಾಗಾಗಿ ಹೆಂಡತಿ ಮಕ್ಕಳು ಇನ್ನೊಂದು ಕಾರಿನಲ್ಲಿ ಹಿಂಬಾಲಿಸುತ್ತಾರೆ. ಆ ಕಾರು ಎಸ್‌ಯುವಿ. ವ್ಯಾಗನ್ ದಾರಿಯಲ್ಲಿ ನಿಂತರೆ ಬೇಕಾಗುವ ಜಾಕು, ಎಣ್ಣೆ ಡಬ್ಬ, ಬೆಲ್ಟು, ಫ್ಯೂಸು ಎಲ್ಲಾ ಅದರಲ್ಲೇ. ವ್ಯಾಗನ್‌ನಲ್ಲಿ ಇಟ್ಟರೆ ಕಾರ್ಪೆಟ್ ಕೊಳೆಯಾಗುತ್ತೆ.

ಹೋದ ವಾರ ಅವನೇ ಫೋನ್ ಮಾಡಿದ. ದನಿಯಲ್ಲಿ ಸಂಭ್ರಮ. "ಬೇಗ ಬಾರೋ, ತಳ್ಳೋಕೆ ಒಬ್ರು ಬೇಕು." ಹೋದೆ. ಮನೆ ಮುಂದೆ ಉದ್ದದ ಲಾರಿಯ ಮೇಲೆ ಇನ್ನೊಂದು ವ್ಯಾಗನ್. ಅದೇ ಮಾಡೆಲ್. ಎಂಜಿನ್ ಸತ್ತಿದೆ, ಮುಂದಿನ ಬಂಪರ್ ಇಲ್ಲ. ಬಿಡಿಭಾಗ ಕಿತ್ತುಕೊಳ್ಳಲು ತಂದದ್ದಂತೆ.

ಅವನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಇದು ಇಲ್ಲಿ ಎಷ್ಟು ದಿನ ಇರುತ್ತೆ?" ಅಂದರು.

"ಒಂದು ವಾರ ಅಷ್ಟೆ. ಟೈಲ್ ಲ್ಯಾಂಪು, ಕಿಟಕಿ ರಬ್ಬರು ತಗೊಂಡು ಗುಜರಿಗೆ ಹಾಕಿಬಿಡ್ತೀನಿ."

ಇಳಿಸಿ ತಳ್ಳಿದೆವು. ಹಿಂದಿನ ಬಾಗಿಲು ಎತ್ತಿದರೆ ಒಳಗೆ ಸೂರಿನವರೆಗೆ ಸಾಮಾನು! ಕೊನೆಗೂ ಒಂದು ವ್ಯಾಗನ್ ಹೊರುವ ಕೆಲಸ ಮಾಡಿದೆ ಅಂತ ನನಗೆ ಖುಷಿಯಾಯಿತು. ಬಗ್ಗಿ ನೋಡಿದೆ. ಒಂದು ಗೇರ್‌ಬಾಕ್ಸು, ಎರಡು ಬಾಗಿಲು, ನಾಲ್ಕು ವೀಲ್ ಕ್ಯಾಪು. ಎಲ್ಲಾ ವ್ಯಾಗನ್‌ನದೇ.

ಗೆಳೆಯ ಸ್ಕ್ರೂಡ್ರೈವರ್ ತಂದ. ಟೈಲ್ ಲ್ಯಾಂಪಿನ ಮೊದಲ ಸ್ಕ್ರೂಗೆ ಇಟ್ಟ. ತಿರುಗಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಗೇರ್‌ಬಾಕ್ಸನ್ನು ಪಕ್ಕಕ್ಕೆ ಸರಿಸಿ ಕೆಳಗೆ ಕೈಯಾಡಿಸಿದ.

"ನೋಡೋ" ಅಂದ ಮೆಲ್ಲಗೆ. "ಕಾರ್ಪೆಟ್ ಒರಿಜಿನಲ್ಲು."

ನಿನ್ನೆ ಆ ಕಡೆ ಹೋಗಿದ್ದೆ. ಎರಡು ಗಾಡಿ, ಎರಡಕ್ಕೂ ಹೊದಿಕೆ. ಟೈಲ್ ಲ್ಯಾಂಪಿಗಾಗಿ ಮೂರನೆಯದನ್ನು ಹುಡುಕುತ್ತಿದ್ದಾನೆ. ನಮ್ಮ ಮನೆಯ ಸೋಫಾ ಒಂದನ್ನು ಸಾಗಿಸುವುದಿದೆ. ಪಿಕಪ್‌ನವನ ನಂಬರು ಅವನ ಹತ್ತಿರವೇ ಇದೆ, ಇಸ್ಕೋಬೇಕು.