ಕಲಾಂ ಮನೆಗೆ ರೇಷ್ಮೆ ಪಂಚೆ

ದಾವಣಗೆರೆ ಮಂದಿ ಪ್ರವಾಸಕ್ಕೆ ಹೊರಟರೆ ಮೊದಲು ಗಾಡಿ ಹತ್ತುವುದು ಮಂಡಕ್ಕಿ. ರಾಮೇಶ್ವರಕ್ಕೆ ಹೊರಟಾಗಲೂ ಅಷ್ಟೇ. ಒಂದು ಚೀಲ ಮಂಡಕ್ಕಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲ ಸೀಟಿನ ಕೆಳಗೆ. ಬಟ್ಟೆಬರೆ ಮಾತ್ರ ಟೆಂಪೋ ಟ್ರಾವೆಲರ್‌ನ ನೆತ್ತಿ ಮೇಲೆ, ಟಾರ್ಪಾಲಿನ ಅಡಿಯಲ್ಲಿ.

ಎಡವಟ್ಟು ಶುರುವಾದದ್ದು ಅಲ್ಲೇ. ನಮ್ಮ ಮನೆಯ ಮದುವೆಗೆ ಜವಳಿಯನ್ನೆಲ್ಲ ಒಂದೇ ಅಂಗಡಿಯಲ್ಲಿ ತೆಗೆದಿದ್ದೆವು. ಅವರು ಖುಷಿಯಿಂದ ಕೆಂಪು ಬ್ಯಾಗುಗಳನ್ನು ರಾಶಿಗಟ್ಟಲೆ ಕೊಟ್ಟಿದ್ದರು. ಪುಕ್ಕಟೆ ಬಂದದ್ದನ್ನು ಎಸೆಯೋ ಮನೆತನ ನಮ್ಮದಲ್ಲ. ಹಾಗಾಗಿ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರದ್ದೂ ಅದೇ ಬ್ಯಾಗು. ಮಂಡಿಪೇಟೆಯಲ್ಲಿ ಲೆಕ್ಕ ಬರೆದೇ ಕೂದಲು ಹಣ್ಣು ಮಾಡಿಕೊಂಡ ಚಿಕ್ಕಪ್ಪ ಪ್ರವಾಸದ ಖಜಾಂಚಿ. ಅವರು ಎಣಿಸಿದಷ್ಟು ಸಲವೂ ಬೇರೆ ಬೇರೆ ಸಂಖ್ಯೆ ಬಂತು. ಕೊನೆಗೆ "ಸುಮ್ನೆ ಹತ್ರಿ" ಅಂದುಬಿಟ್ಟರು.

ರಾಮೇಶ್ವರದ ಗುಡಿಯಲ್ಲಿ 22 ತೀರ್ಥಗಳಿವೆ. ಬಾವಿಯಿಂದ ನೀರು ಸೇದಿ ನೆತ್ತಿಗೆ ಸುರಿಯುತ್ತಾರೆ, ಮುಂದಿನ ಬಾವಿಗೆ ಓಡಬೇಕು, ಅಲ್ಲೂ ಸುರಿಯುತ್ತಾರೆ. ಹೊರಗೆ ಬರುವಾಗ ಪಾಪ ಎಷ್ಟು ತೊಳೆದಿತ್ತೋ, ಬಟ್ಟೆಯಂತೂ ಮೈಗೆ ಅಂಟಿತ್ತು. ಕೆಂಪು ಬ್ಯಾಗುಗಳು ಒಂದೊಂದಾಗಿ ಕೆಳಗಿಳಿದವು. ಎಲ್ಲರಿಗೂ ಒಣಬಟ್ಟೆಯೇನೋ ಸಿಕ್ಕಿತು, ಅವರವರದ್ದಲ್ಲ ಅಷ್ಟೇ. ಚಿಕ್ಕಪ್ಪನ ಕೈಗೆ ಬಂದದ್ದು ಪೂಜೆಗೆಂದು ತಂದಿದ್ದ ರೇಷ್ಮೆ ಪಂಚೆ ಮತ್ತು ಜರಿ ಶಲ್ಯ. ಪ್ಯಾಂಟು ಎಲ್ಲೋ ಟಾರ್ಪಾಲಿನ ತಳದಲ್ಲಿ. ಮತ್ತೆ ಹಗ್ಗ ಬಿಚ್ಚಲು ಡ್ರೈವರ್ ಸುತಾರಾಂ ಒಪ್ಪಲಿಲ್ಲ.

ಹೀಗೆ ನಮ್ಮ ಚಿಕ್ಕಪ್ಪ ಮದುವೆ ಗಂಡಿನ ಹಾಗೆ ಸಿಂಗಾರಗೊಂಡು ಅಬ್ದುಲ್ ಕಲಾಂ ಅವರ ಮನೆಗೆ ಹೊರಟರು.

ಮಸೂದಿ ಬೀದಿ ಗುಡಿಗೆ ಹತ್ತಿರವೇ. ರಾಷ್ಟ್ರಪತಿ ಆಗಿದ್ದವರ ಮನೆ ಅಂದರೆ ದೊಡ್ಡ ಗೇಟು, ತೋಟ, ಕಾರಂಜಿ ಇರುತ್ತೆ ಅಂದುಕೊಂಡಿದ್ದ ಮಕ್ಕಳಿಗೆ ನಿರಾಸೆ. ಬೀದಿಗೆ ಅಂಟಿಕೊಂಡ ಮನೆ. ಒಳಗೆ ಮೆಟ್ಟಿಲು ಹತ್ತಿದರೆ ಫೋಟೋ, ಪುಸ್ತಕ, ಪ್ರಶಸ್ತಿಗಳು. ಮುಂದಿದ್ದವರ ಬೆನ್ನು ನೋಡುತ್ತಾ ಸಾಲಿನಲ್ಲಿ ಸರಿಯಬೇಕು. ಆ ಸಾಲಿನಲ್ಲಿ ಯಾರೋ ಒಬ್ಬರು ಚಿಕ್ಕಪ್ಪನ ಜರಿ ಶಲ್ಯ ನೋಡಿ "ವಣಕ್ಕಂ ಸಾರ್" ಅಂದರು. ಚಿಕ್ಕಪ್ಪ ಕೈ ಮುಗಿದರು. ಅಷ್ಟೇ ಸಾಕಾಯ್ತು. ಹಿಂದಿದ್ದವರೂ ಮುಗಿದರು. ಹೊರಗೆ ಬಂದಾಗ ಕಾಲೇಜು ಹುಡುಗರು ಸೆಲ್ಫಿ ಕೇಳಿದರು. ಯಾವ ಪಕ್ಷದ ಶಾಸಕರು ಅಂದುಕೊಂಡರೋ ಏನೋ. ಚಿಕ್ಕಪ್ಪ ಯಾರನ್ನೂ ನಿರಾಸೆ ಮಾಡಲಿಲ್ಲ.

ಅಜ್ಜಿಗೆ ಫೋಟೋಗಳಲ್ಲಿ ಆಸಕ್ತಿ ಇರಲಿಲ್ಲ. ಅವಳಿಗೆ ಹಿಡಿಸಿದ್ದು ಹುಣಸೆ ಬೀಜದ ಕತೆ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಹುಣಸೆ ಬೀಜಕ್ಕೆ ಇದ್ದಕ್ಕಿದ್ದಂತೆ ಬೇಡಿಕೆ ಬಂತಂತೆ. ಎಂಟು ವರ್ಷದ ಹುಡುಗ ಕಲಾಂ ಬೀಜ ಆಯ್ದು ಇದೇ ಬೀದಿಯ ಕಿರಾಣಿ ಅಂಗಡಿಗೆ ಮಾರುತ್ತಿದ್ದರು. ದಿನದ ಗಳಿಕೆ ಒಂದಾಣೆ. ಆಮೇಲೆ ರಾಮೇಶ್ವರದಲ್ಲಿ ರೈಲು ನಿಲ್ಲುವುದು ರದ್ದಾಗಿ, ಓಡುವ ರೈಲಿನಿಂದ ಎಸೆದ ಪತ್ರಿಕೆಯ ಕಟ್ಟುಗಳನ್ನು ಹಿಡಿಯುವ ಕೆಲಸ ಸಿಕ್ಕಿತು. ಅಜ್ಜಿ ಬೀಜದಿಂದ ಮುಂದೆ ಹೋಗಲೇ ಇಲ್ಲ. "ಚೌಕಾಬಾರ ಆಡಾಕಂತ ಡಬ್ಬಿ ತುಂಬ ಇಟ್ಟಿದ್ದೆ. ನಿಮ್ಮವ್ವ ಎಸೆದ್ಲು" ಅಂತ ನನ್ನ ಕಡೆ ನೋಡಿದಳು. ಅಮ್ಮ ಪ್ರಶಸ್ತಿಗಳ ಕಡೆ ಸರಿದಳು.

ಪೇಯ್ಕರುಂಬುವಿನಲ್ಲಿರುವ ಕಲಾಂ ಸ್ಮಾರಕಕ್ಕೂ ಹೋದೆವು. 2017ರಲ್ಲಿ ಉದ್ಘಾಟನೆಯಾದದ್ದು, ಬಹಳ ದೊಡ್ಡದು, ಮಕ್ಕಳು ಕ್ಷಿಪಣಿ ನೋಡಿ ಸಮಾಧಾನಗೊಂಡರು. ನನಗೆ ಮಸೂದಿ ಬೀದಿಯ ಇಕ್ಕಟ್ಟೇ ಇಷ್ಟ.

ನಿಜವಾದ ಯುದ್ಧ ನಡೆದದ್ದು ಶಂಖದ ಅಂಗಡಿಯಲ್ಲಿ. ಚಿಕ್ಕಮ್ಮ ತೆಂಗಿನಕಾಯಿ ಗಾತ್ರದ ಶಂಖ ಎತ್ತಿಕೊಂಡಿದ್ದಳು. ಇಡಲು ಇನ್ನೊಂದು ಬ್ಯಾಗು ಬೇಕು. ಚಿಕ್ಕಪ್ಪ ಇನ್ನೂ ಶಾಸಕರ ಗತ್ತಿನಲ್ಲೇ ಇದ್ದರು. "ನೋಡು, ಕಲಾಂ ಸಾಹೇಬ್ರು 2007ರಾಗ ರಾಷ್ಟ್ರಪತಿ ಭವನ ಬಿಟ್ಟಾಗ ಕೈಯಾಗ ಇದ್ದದ್ದು ಎರಡೇ ಸೂಟ್‌ಕೇಸು. ನಾವು ನಾಕು ದಿನಕ್ಕ ಅರ್ಧ ಊರು ಹೊತ್ಕಂಡು ಬಂದೀವಿ."

ಚಿಕ್ಕಮ್ಮ ಬಗ್ಗಲಿಲ್ಲ. "2006ರಾಗ ಅವರ ಮನಿಗೆ ಐವತ್ತಕ್ಕೂ ಜಾಸ್ತಿ ನೆಂಟ್ರು ಬಂದಿದ್ರಂತಲ್ರಿ. ಊಟ, ಚಾ, ಬಾಡಿಗಿ ಎಲ್ಲ ಸೇರಿ ಮೂರೂವರೆ ಲಕ್ಷಕ್ಕೂ ಮೇಲಾತಂತ. ಸರ್ಕಾರದ ಒಂದು ಪೈಸೆ ಮುಟ್ಟದೆ ಅಷ್ಟೂ ತಾವೇ ಕೊಟ್ರಂತ. ನೀವು ನಿನ್ನೆ ಮಧುರೈನಾಗ ನಮ್ಮಣ್ಣ ಎರಡನೇ ಚಾ ಕುಡಿದದ್ದನ್ನೂ ಅವನ ಹೆಸರಿಗೆ ಬರ್ಕಂಡೀರಿ."

ಅಂಗಡಿಯವನಿಗೆ ಭಾಷೆ ತಿಳಿಯದಿದ್ದರೂ ಯಾರು ಗೆಲ್ಲುತ್ತಾರೆ ಅಂತ ತಿಳಿದಿತ್ತು. ಶಂಖವನ್ನು ಪೇಪರಿನಲ್ಲಿ ಸುತ್ತತೊಡಗಿದ.

ಚಿಕ್ಕಪ್ಪ ಶಲ್ಯ ಸರಿಪಡಿಸಿಕೊಂಡು ಸೊಂಟದಿಂದ ಪರ್ಸ್ ತೆಗೆದರು. "ಅವ್ರಿಗೆ ಮದುವಿ ಆಗಿರ್ಲಿಲ್ಲ ಬಿಡು. ಎರಡು ಸೂಟ್‌ಕೇಸೂ ಸಾಕಿತ್ತು, ಕೈಯಾಗ ರೊಕ್ಕಾನೂ ಉಳಿದಿತ್ತು."