ಬಾಗಿಲಲ್ಲಿ ನಿಂತು ಕೇಳಿದವರು, ಒಳಗೆ ಬಂದು ಕೂತವರು

ಮೊನ್ನೆ ರಾತ್ರಿ ಡೆತ್ ಮೆಟಲ್ ಹಾಕಿಕೊಂಡು ಕೂತಿದ್ದೆ. ಹೆವಿ ಮೆಟಲ್ ಅನ್ನುವ ಜೋರು ಗಿಟಾರ್ ಸಂಗೀತದಲ್ಲೇ ತುಂಬಾ ಒರಟಾದ ಒಂದು ಬಗೆ ಅದು. ಅಕ್ಕ ಬಾಗಿಲಿಗೆ ಬಂದು ನಿಂತು, "ಏನೋ, ಯಾರ ಮೇಲಾದ್ರೂ ಸಿಟ್ಟು ಬಂದಿದ್ಯಾ?" ಅಂದಳು. "ಇಲ್ಲ ಅಕ್ಕ, ಆರಾಮಾಗಿದ್ದೀನಿ" ಅಂದೆ. ಅವಳು ನಂಬಲಿಲ್ಲ. ನನಗೆ ಅವಳ ಮೇಲೆ ಬೇಜಾರಿಲ್ಲ. ಅದರ ಗ್ರೌಲ್, ಅಂದರೆ ಗಂಟಲಿನಿಂದ ಗುರುಗುಟ್ಟುವ ಹಾಡಿಕೆ, ಮೊದಲ ಸಲ ಕೇಳಿದವರಿಗೆ ಹಾಗನ್ನಿಸುವುದು ಸಹಜ. ನನಗೆ ಬೇಜಾರಿರುವುದು ಬೇರೆಯವರ ಮೇಲೆ. ಓದಿಕೊಂಡವರು, ಅಧಿಕಾರ ಇದ್ದವರು ಹೆವಿ ಮೆಟಲ್ ಬಗ್ಗೆ ಎಷ್ಟೋ ವರ್ಷ ಹೀಗೇ ಬಾಗಿಲಲ್ಲಿ ನಿಂತು ಇದೊಂದೇ ಪ್ರಶ್ನೆ ಕೇಳಿದರು. ಉತ್ತರಕ್ಕೂ ಕಾಯಲಿಲ್ಲ.

1985ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಹಾಡುಗಳ ಸಾಹಿತ್ಯದ ಬಗ್ಗೆ ವಿಚಾರಣೆ ನಡೆಸಿತು. ಟ್ವಿಸ್ಟೆಡ್ ಸಿಸ್ಟರ್ ಬ್ಯಾಂಡಿನ ಡೀ ಸ್ನೈಡರ್ ಅಲ್ಲಿ ಕೂತು ತನ್ನ ಹಾಡಿನ ಅರ್ಥವನ್ನು ತಾನೇ ಬಿಡಿಸಿ ಹೇಳಬೇಕಾಯಿತು. ಹಿಂಸೆಯ ಹಾಡು ಅಂತ ದೂರು ಬಂದಿದ್ದ ಆ ಹಾಡು ಆಪರೇಷನ್ ಟೇಬಲ್ ಮೇಲೆ ಮಲಗಿದವನ ಭಯದ ಬಗ್ಗೆ ಇತ್ತು. 1990ರಲ್ಲಿ ಜೂಡಾಸ್ ಪ್ರೀಸ್ಟ್ ಬ್ಯಾಂಡನ್ನು ನೆವಾಡಾದ ರೀನೋ ಕೋರ್ಟಿಗೆ ಎಳೆದರು. ಹಾಡಿನೊಳಗೆ ಗುಟ್ಟಾಗಿ ಒಂದು ಮಾತು ಅಡಗಿಸಿ ಇಬ್ಬರು ಹುಡುಗರನ್ನು ಸಾವಿನ ಕಡೆ ತಳ್ಳಿದ್ದಾರೆ ಅನ್ನುವುದು ಆರೋಪ. ನ್ಯಾಯಾಧೀಶರು ಒಪ್ಪಲಿಲ್ಲ. ಆದರೆ 1994ರಲ್ಲಿ ಅರ್ಕಾನ್ಸಾದಲ್ಲಿ ಹದಿಹರೆಯದ ಮೂವರಿಗೆ ಕೊಲೆ ಕೇಸಿನಲ್ಲಿ ಶಿಕ್ಷೆಯಾಯಿತು. ಕಪ್ಪು ಬಟ್ಟೆ, ಮೆಟಾಲಿಕಾ ಬ್ಯಾಂಡಿನ ಹಾಡುಗಳು ಕೂಡ ಆ ವಿಚಾರಣೆಯಲ್ಲಿ ಅವರ ವಿರುದ್ಧ ಮಾತಾಡಿದವು. ಅವರು ಜೈಲಿನಿಂದ ಹೊರಗೆ ಬಂದಿದ್ದು 2011ರಲ್ಲಿ. 1993ರಲ್ಲಿ ಬಂಧಿಸಿದಾಗಿನಿಂದ ಲೆಕ್ಕ ಹಾಕಿದರೆ ಹದಿನೆಂಟು ವರ್ಷ. ಇದನ್ನು ಓದಿದಾಗಲೆಲ್ಲ ನನ್ನ ಕಪಾಟಿನಲ್ಲಿರುವ ಕಪ್ಪು ಟೀ ಶರ್ಟುಗಳು ಕಣ್ಣ ಮುಂದೆ ಬರುತ್ತವೆ.

ಹಾಗಾಗಿ "ಮೆಟಲ್ ಮೇಲೆ ಪಿಎಚ್‌ಡಿ ಮಾಡ್ತಾರಂತೆ, ಏನು ಪ್ರಯೋಜನ?" ಅಂತ ಯಾರಾದರೂ ನಕ್ಕರೆ ನನಗೆ ಸುಮ್ನಿರೋಕೆ ಆಗಲ್ಲ.

ಒಳಗೆ ಬಂದು ಕೂತವರಲ್ಲಿ ಮೊದಲಿಗೆ ನೆನಪಾಗುವವರು ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಡೀನಾ ವೈನ್‌ಸ್ಟೈನ್. ಮೆಟಲ್ ಬಗ್ಗೆ ಅವರ ಪುಸ್ತಕ ಬಂದಿದ್ದು 1991ರಲ್ಲಿ. ಬ್ಯಾಂಡ್, ಕೇಳುಗ, ಪತ್ರಿಕೆ, ಕಾನ್ಸರ್ಟ್ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರು. ಈ ಹುಡುಗರಿಗೆ ಏನು ರೋಗ ಅಂತ ಅವರು ಕೇಳಲಿಲ್ಲ. ಇಲ್ಲಿ ಏನು ನಡೀತಿದೆ ಅಂತ ಕೇಳಿದರು.

ನನಗೆ ಜಾಸ್ತಿ ಇಷ್ಟವಾದವರು ರಾಬರ್ಟ್ ವಾಲ್ಸರ್. ಸಂಗೀತಶಾಸ್ತ್ರದವರು. 1993ರ ಪುಸ್ತಕದಲ್ಲಿ ಅವರು ಗಿಟಾರ್ ಸೋಲೋಗಳನ್ನು ಸ್ವರಲಿಪಿಗೆ ಇಳಿಸಿ, ಯುರೋಪಿನ ಶಾಸ್ತ್ರೀಯ ಸಂಗೀತದ ವಿವಾಲ್ಡಿ, ಬಾಖ್ ಅವರಿಂದ ಈ ಗಿಟಾರಿಸ್ಟುಗಳು ಏನೇನು ಕಲಿತಿದ್ದಾರೆ ಅಂತ ತೋರಿಸಿದರು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಪವರ್ ಕಾರ್ಡ್ ಬಗ್ಗೆ ಅವರು ಕೊಟ್ಟ ವಿವರಣೆ. ಮೆಟಲ್‌ನ ಆ ದಪ್ಪ ಸದ್ದು ಇದೆಯಲ್ಲ, ಅದರಲ್ಲಿ ಮುಖ್ಯವಾಗಿ ಇರುವುದು ಎರಡೇ ಸ್ವರ. ನಮ್ಮ ಮಾತಿನಲ್ಲಿ ಹೇಳುವುದಾದರೆ ಷಡ್ಜ, ಪಂಚಮ. ಷಡ್ಜ 110 ಹರ್ಟ್ಜ್ ಆದರೆ ಪಂಚಮ 165. ಇವೆರಡನ್ನೂ ಒಟ್ಟಿಗೆ ಮೀಟಿ ಆಂಪ್ಲಿಫೈಯರ್‌ನಲ್ಲಿ ಡಿಸ್ಟಾರ್ಷನ್ (ಸದ್ದನ್ನು ಒಡೆದು ಗರಗರ ಮಾಡುವುದು) ಏರಿಸಿದರೆ, ಅವುಗಳ ವ್ಯತ್ಯಾಸ 55 ಹರ್ಟ್ಜ್ ಕೂಡ ಸದ್ದಾಗಿ ಹೊರಗೆ ಬರುತ್ತದೆ. ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಅದನ್ನು ಯಾವ ಬೆರಳೂ ನುಡಿಸಿಲ್ಲ! ಎದೆಗೆ ಬಂದು ಗುದ್ದುವ ಸದ್ದಿನಲ್ಲಿ ಅದಕ್ಕೂ ಪಾಲಿದೆ.

ಅಕ್ಕ ಚಿಕ್ಕವಳಿದ್ದಾಗ ಹಾಡು ಕಲಿತವಳು. ಅವತ್ತು ರಾತ್ರಿ ಗಿಟಾರ್ ತಗೊಂಡು ಅವಳಿಗೆ ಇದನ್ನೇ ತೋರಿಸಿದೆ. ಮೊದಲು ಡಿಸ್ಟಾರ್ಷನ್ ಇಲ್ಲದೆ ಮೀಟಿದೆ. ಆಮೇಲೆ ಏರಿಸಿ ಮೀಟಿದೆ. ಅವಳು ಕಣ್ಣು ಮುಚ್ಚಿ ಕೇಳಿ, ಸಣ್ಣ ದನಿಯಲ್ಲಿ ಕೆಳಗಿನ ಸಾ ಹಿಡಿದಳು. "ಇನ್ನೊಂದ್ಸಲ" ಅಂದಳು. ಡೆತ್ ಮೆಟಲ್ ಅವಳಿಗೆ ಈಗಲೂ ಇಷ್ಟವಿಲ್ಲ. ಆದರೆ ಬರೀ ಗದ್ದಲ ಅಂತ ಹೇಳುವುದನ್ನು ಬಿಟ್ಟಿದ್ದಾಳೆ.

ಮನಶ್ಶಾಸ್ತ್ರದ ಲ್ಯಾಬುಗಳಲ್ಲೂ ಕೆಲಸ ನಡೆದಿದೆ. 2015ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು ಮೆಟಲ್ ಥರದ ಜೋರು ಸಂಗೀತ ಕೇಳುವ 39 ಜನರನ್ನು ಕರೆಸಿದರು. ಜೀವನದಲ್ಲಿ ಸಿಟ್ಟು ತರಿಸಿದ ವಿಷಯಗಳನ್ನು ಮಾತಾಡಿಸಿ ಬೇಕಂತಲೇ ಸಿಟ್ಟು ಬರಿಸಿದರು. ಆಮೇಲೆ ಅರ್ಧ ಜನರಿಗೆ ಹತ್ತು ನಿಮಿಷ ಅವರದೇ ಹಾಡು, ಉಳಿದವರಿಗೆ ಮೌನ. ಹಾಡು ಕೇಳಿದವರ ಸಿಟ್ಟು ಏರಲಿಲ್ಲ, ಇಳಿಯಿತು. ಮೈಯಲ್ಲಿ ಹುರುಪು ಉಳಿಯಿತು, ಮನಸ್ಸು ಹಗುರಾಯಿತು. 2019ರಲ್ಲಿ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಇನ್ನೊಂದು ಪರೀಕ್ಷೆ ಮಾಡಿದರು. ಒಂದು ಕಣ್ಣಿಗೆ ಹಿಂಸೆಯ ಚಿತ್ರ, ಇನ್ನೊಂದು ಕಣ್ಣಿಗೆ ಮಾಮೂಲಿ ಚಿತ್ರ. ಎರಡನ್ನೂ ಒಟ್ಟಿಗೇ ತೋರಿಸಿ, ಮನಸ್ಸು ಯಾವುದನ್ನು ಜಾಸ್ತಿ ಗಮನಿಸುತ್ತದೆ ಅಂತ ನೋಡಿದರು. ಹಿಂಸೆ ಕಂಡಾಗ ಡೆತ್ ಮೆಟಲ್ ಅಭಿಮಾನಿಗಳ ಮನಸ್ಸೂ ಬೇರೆಯವರ ಹಾಗೇ ಅತ್ತ ತಿರುಗಿತು. ಮರಗಟ್ಟಿರಲಿಲ್ಲ.

ಈ ಫಲಿತಾಂಶಗಳು ಬಂದಾಗ ನಮ್ಮವರೆಲ್ಲ ಹಂಚಿಕೊಂಡು ಸಂಭ್ರಮಪಟ್ಟರು. ನನಗೂ ಸಮಾಧಾನವಾಯಿತು, ಸುಳ್ಳು ಹೇಳಲ್ಲ. ಆದರೆ 39 ಜನರ ಪ್ರಯೋಗವನ್ನು ಹಿಡಿದು ಜಗಳಕ್ಕೆ ಹೋಗುವುದು ನನಗೆ ಸರಿ ಕಾಣಲ್ಲ. ಅದೂ ಅಲ್ಲದೆ, ಇಲ್ಲೂ ಕೇಳಿದ್ದು ಬಾಗಿಲಲ್ಲಿ ನಿಂತವರ ಪ್ರಶ್ನೆಯನ್ನೇ. ಇದರಿಂದ ಅಪಾಯ ಇದೆಯಾ, ಇಲ್ವಾ? "ಅಪಾಯ ಇಲ್ಲ" ಅನ್ನುವುದು ಒಂದು ಸಂಗೀತದ ಬಗ್ಗೆ ಎಷ್ಟು ಸಣ್ಣ ಮಾತು, ಅಲ್ವಾ?

ಕಾರ್ನೆಲ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು 2013ರಲ್ಲಿ ಮಾಷ್ ಪಿಟ್, ಅಂದರೆ ಕಾನ್ಸರ್ಟಿನಲ್ಲಿ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುವ ಜಾಗದ ವಿಡಿಯೋಗಳನ್ನು ಅಳೆದು ನೋಡಿದರು. ಅಲ್ಲಿ ಡಿಕ್ಕಿ ಹೊಡೆಯುವ ಜನರ ವೇಗ ಅನಿಲದ ಕಣಗಳ ವೇಗದ ಹಾಗೇ ಹಂಚಿಕೊಂಡಿತ್ತಂತೆ. ಓದೋಕೆ ಚೆನ್ನಾಗಿದೆ. ಒಂದು ಕಾನ್ಸರ್ಟಿನಲ್ಲಿ ನಾನೂ ಹಾಗೆ ಒಂದು ಕಣವಾಗಿದ್ದೆ. ಯಾರದೋ ಭುಜ ತಾಗಿ ಆಯ ತಪ್ಪಿ ಕೆಳಗೆ ಬಿದ್ದೆ. ಮುಖದ ಮುಂದೆ ಬರೀ ಬೂಟುಗಳು. ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಎರಡು ಕಡೆಯಿಂದ ಕೈ ಬಂದು ಕಂಕುಳಿಗೆ ಹಾಕಿ ಎತ್ತಿದವು. ಇನ್ನೊಬ್ಬರು ಬೆನ್ನು ಕೊಟ್ಟು ಅಡ್ಡ ನಿಂತಿದ್ದರು, ಯಾರೂ ನನ್ನನ್ನು ತುಳಿಯದ ಹಾಗೆ. ಒಬ್ಬರು ನನ್ನ ಕನ್ನಡಕ ಕೈಗಿಟ್ಟು, ಹೆಬ್ಬೆರಳು ಎತ್ತಿ ಕೇಳಿದರು. ನಾನು ತಲೆ ಆಡಿಸಿದ ಮೇಲೆಯೇ ಬಿಟ್ಟರು. ಅವರ ಮುಖ ನನಗೆ ನೆನಪಿಲ್ಲ. ಬಿದ್ದವರನ್ನು ಎತ್ತಬೇಕು ಅನ್ನುವ ಈ ನಿಯಮವನ್ನು ಎಲ್ಲೂ ಬರೆದಿಟ್ಟಿಲ್ಲ. ಹೊಸಬರು ಅದನ್ನು ಹೇಗೆ ಕಲಿಯುತ್ತಾರೆ? ನನಗೆ ಬೇಕಿರುವುದು ಇಂಥ ಸಂಶೋಧನೆ.

ಹಾಗಂತ ಒಳಗಿನವರು ಬರೆದದ್ದೆಲ್ಲ ಹೊಗಳಿಕೆ ಆಗಬಾರದು. ಇದನ್ನು ನನಗೆ ಕಲಿಸಿದವರು ಬ್ರಿಟನ್ನಿನ ಕೀತ್ ಕಾನ್-ಹ್ಯಾರಿಸ್. ಎಕ್ಸ್‌ಟ್ರೀಮ್ ಮೆಟಲ್, ಅಂದರೆ ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್ ಥರದ ಅತಿ ಉಗ್ರ ಬಗೆಗಳ ಬಗ್ಗೆ 2007ರಲ್ಲಿ ಪುಸ್ತಕ ಬರೆದರು. ಸ್ವತಃ ಯಹೂದಿ. ಈ ಸಂಗೀತವನ್ನು ಪ್ರೀತಿಸುತ್ತಲೇ, ಅದರೊಳಗಿನ ಜನಾಂಗದ್ವೇಷವನ್ನು ನೇರವಾಗಿ ನೋಡಿದರು. ಅವರು ಹೇಳಿದ ಒಂದು ವಿಷಯ ನನ್ನನ್ನು ಚುಚ್ಚಿತು. ಕೇಳುಗರು ದಡ್ಡರಲ್ಲ, ಅವರಿಗೆ ಎಲ್ಲ ಗೊತ್ತಿರುತ್ತದೆ, ಆದರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುತ್ತಾರೆ ಅಂತ. 1992ರಲ್ಲಿ ನಾರ್ವೆಯ ಬೆರ್ಗನ್ ಹತ್ತಿರ ಹಳೆಯ ಮರದ ಚರ್ಚೊಂದು ಸುಟ್ಟು ಬೂದಿಯಾಯಿತು. ಅಲ್ಲಿನ ಬ್ಲ್ಯಾಕ್ ಮೆಟಲ್ ಗುಂಪಿನವರು ಮುಂದೆ ಇನ್ನೂ ಚರ್ಚುಗಳಿಗೆ ಬೆಂಕಿಯಿಟ್ಟರು, ಕೊಲೆಯೂ ಆಯಿತು. ಎಷ್ಟೋ ವರ್ಷ ನಾವು ಅದನ್ನು ರೋಚಕ ಕಥೆಯ ಹಾಗೆ ಹೇಳಿಕೊಂಡು ತಿರುಗಿದೆವು. ನಾನೂ ಹೇಳಿದ್ದೇನೆ. "ನಮಗೆ ಸಂಗೀತ ಮಾತ್ರ ಮುಖ್ಯ" ಅಂತ ಮಾತು ಮುಗಿಸಿದ್ದೇನೆ. ಈಗ ಹಾಗೆ ಹೇಳೋಕೆ ಬಾಯಿ ಬರಲ್ಲ.

ಲೈನಾ ಡಾಸ್ 2012ರಲ್ಲಿ ಬರೆದ ಪುಸ್ತಕವೂ ಹೀಗೇ ಕಾಡಿತು. ಅವರು ಕಪ್ಪು ಮಹಿಳೆ, ಮೆಟಲ್ ಅಭಿಮಾನಿ. ತಮ್ಮಂಥವರನ್ನು ಮಾತಾಡಿಸಿದರು. ಎಲ್ಲರಿಗೂ ಜಾಗ ಇದೆ ಅಂತ ನಾವು ಹೇಳಿಕೊಳ್ಳುವ ಕಾನ್ಸರ್ಟಿನಲ್ಲಿ ಅಂಥವರನ್ನು "ನೀನು ಇಲ್ಲೇನು ಮಾಡ್ತಿದ್ದೀಯ" ಅನ್ನುವ ಹಾಗೆ ನೋಡುತ್ತಾರೆ. ನನ್ನನ್ನು ಎತ್ತಿದ ಕೈಗಳು ಅವರನ್ನೂ ಅಷ್ಟೇ ಬೇಗ ಎತ್ತುತ್ತಿದ್ದವಾ?

2008ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಮೆಟಲ್ ಸಂಶೋಧಕರ ಸಮ್ಮೇಳನ ನಡೆಯಿತು. ಆಮೇಲೆ ಅವರದೇ ಸಂಘ, ಅವರದೇ ಜರ್ನಲ್ ಬಂದವು. ಇಂಡೋನೇಷ್ಯಾ, ನೇಪಾಳ, ಬ್ರೆಜಿಲ್‌ನ ಕೇಳುಗರ ಬಗ್ಗೆಯೂ ಬರಹಗಳು ಬಂದಿವೆ. ಪೋರ್ಟೊ ರಿಕೊದ ನೆಲ್ಸನ್ ವಾರಾಸ್-ಡಿಯಾಸ್ ಲ್ಯಾಟಿನ್ ಅಮೆರಿಕದ ಬ್ಯಾಂಡುಗಳು ವಸಾಹತು ಕಾಲದ ಗಾಯವನ್ನು ಹೇಗೆ ಹಾಡಾಗಿಸಿವೆ ಅಂತ ತೋರಿಸಿದ್ದಾರೆ. ಇದು ಇನ್ನೂ ಬೆಳೆಯಬೇಕು. ಜೊತೆಗೆ ಒಂದು ಬೇಡಿಕೆ. ನಮ್ಮನ್ನು ಮಾತಾಡಿಸಿ ಬರೆದ ಲೇಖನವನ್ನು ನಾವೇ ದುಡ್ಡು ಕೊಟ್ಟು ತೆಗೆದು, ನಾಲ್ಕು ಸಲ ಓದಿದರೂ ಅರ್ಥವಾಗದ ಹಾಗೆ ದಯವಿಟ್ಟು ಬರೀಬೇಡಿ.

ನಿಮ್ಮಲ್ಲಿ ಯಾರಾದರೂ ಈ ವಿಷಯದ ಮೇಲೆ ಕೆಲಸ ಶುರು ಮಾಡುತ್ತಿದ್ದರೆ, ಹಾಡುವವರ ಹತ್ತಿರ ಹೋಗುವ ಮುಂಚೆ ಕಾನ್ಸರ್ಟ್ ಮುಗಿದ ಮೇಲೂ ಉಳಿಯುವವರ ಹತ್ತಿರ ಹೋಗಿ. ಕೇಬಲ್ ಸುತ್ತುವವರು, ಡ್ರಮ್ ಕಿಟ್ ಬಿಚ್ಚಿ ಗಾಡಿಗೆ ಹೇರುವವರು, ಬಾಗಿಲಲ್ಲಿ ಕೂತು ಟಿಕೆಟ್ ಲೆಕ್ಕ ಬರೆಯುವವರು. ಮೆಟಲ್ ನಿಂತಿರುವುದು ಇಂಥ ಮಾಮೂಲಿ ಕೆಲಸಗಳ ಮೇಲೂ ಅಂತ ಕಾನ್-ಹ್ಯಾರಿಸ್ ಬರೆದಿದ್ದರು. ಅವರ ಹತ್ತಿರ ಮಾತಾಡಲು ಬೇಕಾದಷ್ಟಿದೆ. ಇನ್ನೂ ಯಾರೂ ಸರಿಯಾಗಿ ಕೂತು ಕೇಳಿಲ್ಲ.