ಹೇಳುತ್ತಿದ್ದೀರೋ, ಕೇಳುತ್ತಿದ್ದೀರೋ

ಇಂದು ನಮ್ಮ ಪ್ರೆಸ್ಸಿನಲ್ಲಿ ಒಂದು ಲಗ್ನಪತ್ರಿಕೆಯ ಕೆಲಸ ಮಧ್ಯಾಹ್ನದಿಂದ ಸಂಜೆಯವರೆಗೆ ನಿಂತುಹೋಯಿತು. ಕಾಗದ ಬಂದಿತ್ತು, ಕರೆಂಟ್ ಇತ್ತು, ಮಿಷನ್ನಿನ ಮುಂದೆ ಹುಡುಗನೂ ನಿಂತಿದ್ದ. ಗಿರಾಕಿಯ ಒಪ್ಪಿಗೆಯೊಂದು ಮಾತ್ರ ಬಂದೂ ಬಾರದಂತಿತ್ತು. ವಾಟ್ಸ್‌ಆ್ಯಪಿನಲ್ಲಿ ಪ್ರೂಫ್ ಕಳುಹಿಸಿ, ಹೆಸರುಗಳು, ಧಾರಾ ಮುಹೂರ್ತದ ಸಮಯ, ಛತ್ರದ ವಿಳಾಸ ಎಲ್ಲವನ್ನೂ ಮತ್ತೊಮ್ಮೆ ಓದಿ ತಿಳಿಸಬೇಕೆಂದು ನಾನು ಬರೆದಿದ್ದಕ್ಕೆ, ವರನ ಕಡೆಯ ಯುವಕರೊಬ್ಬರಿಂದ ಬಂದ ಉತ್ತರ ಇಷ್ಟೇ: "ಪ್ರೂಫ್ ಸರಿಯಿದೆ?"

ಸರಿಯಿದೆ ಎಂದು ಅವರು ನನಗೆ ಹೇಳುತ್ತಿದ್ದಾರೋ, ಸರಿಯಿದೆಯೇ ಎಂದು ನನ್ನನ್ನೇ ಕೇಳುತ್ತಿದ್ದಾರೋ ತಿಳಿಯಲಿಲ್ಲ. ವಧುವಿನ ಅಜ್ಜನ ಹೆಸರು ಸರಿಯೋ ತಪ್ಪೋ ಎಂಬುದನ್ನು ಅಚ್ಚು ಹಾಕುವವನು ಹೇಗೆ ಹೇಳಬಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಸಂಜೆ ಅವರೇ ಕರೆ ಮಾಡಿ, "ಸರಿಯಿದೆ ಅಂತಲೇ ಹಾಕಿದ್ದೆನಲ್ಲ ಸಾರ್" ಎಂದರು. ಹಾಗಿದ್ದ ಮೇಲೆ ಕೊನೆಗೆ ಪ್ರಶ್ನಾರ್ಥಕ ಏಕೆ ಹಾಕಿದಿರಿ ಎಂದು ಕೇಳಿದೆ. "ಅದು ಸುಮ್ಮನೆ ಸಾರ್" ಎಂದರು. ಅವರು ಸುಮ್ಮನೆ ಹಾಕಿದ್ದಕ್ಕೆ ನಮ್ಮ ಮಿಷನ್ನು ಅರ್ಧ ದಿನ ಸುಮ್ಮನೆ ನಿಂತಿತು ಎಂದು ಹೇಳಬೇಕೆನಿಸಿತು. ಮದುವೆಯ ಮನೆಯವರು ಎಂದು ನಾಲಿಗೆ ಕಚ್ಚಿಕೊಂಡೆ.

ಅಶೋಕ ರಸ್ತೆಯ ನಮ್ಮ ಅಂಗಡಿಯನ್ನು ಬಲ್ಲವರಿಗೆ ಹೊಸದಾಗಿ ಹೇಳಬೇಕಿಲ್ಲ, ನಾನು ವ್ಯಾಕರಣದ ಪಂಡಿತನಲ್ಲ. ತಂದೆಯ ಕಾಲದಲ್ಲಿ ಅಚ್ಚುಮೊಳೆ ಜೋಡಿಸಿ, ನನ್ನ ಕಾಲಕ್ಕೆ ಆಫ್‌ಸೆಟ್ಟಿಗೆ ಬಂದ ಮನೆತನ ನಮ್ಮದು. ಊರಿನ ನಾಮಕರಣ, ಮದುವೆ, ವೈಕುಂಠ ಸಮಾರಾಧನೆಗಳ ಕಾಗದಗಳೆಲ್ಲ ಕಣ್ಣ ಮುಂದೆ ಹಾದುಹೋಗುವುದರಿಂದ, ಯಾರು ಏನನ್ನು ಹೇಗೆ ಬರೆಯುತ್ತಾರೆ ಎಂಬುದು ನನಗೆ ಹೊಟ್ಟೆಪಾಡಿನ ವಿಷಯ. ಹಳೆಯ ಮೊಳೆಗಳ ಪೆಟ್ಟಿಗೆಯನ್ನು ತೂಕಕ್ಕೆ ಹಾಕುವ ದಿನ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಅಲ್ಪವಿರಾಮದ ಮೊಳೆಗಳು ಸವೆದು ಬೋಳಾಗಿದ್ದವು, ಪೂರ್ಣವಿರಾಮದವೂ ಅಷ್ಟೇ. ಪ್ರಶ್ನಾರ್ಥಕದ ಮೊಳೆಗಳು ಮಾತ್ರ ಕೊಂಡು ತಂದ ದಿನದ ಅಂಚನ್ನೇ ಉಳಿಸಿಕೊಂಡಿದ್ದವು. ಲಗ್ನಪತ್ರಿಕೆಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ನಿಜ. ಆದರೆ ಅದೇ ಮನೆಗಳ ಇಂದಿನ ಸಂದೇಶಗಳಲ್ಲಿ ಆ ಚಿಹ್ನೆಗೆ ಬಿಡುವೇ ಇಲ್ಲ.

ನಮ್ಮ ಬಡಾವಣೆಯ ಗುಂಪನ್ನೇ ನೋಡಿ. ತುಮಕೂರಿನವರಿಗೆ ನೀರಿನ ವಿಷಯ ತಮಾಷೆಯದಲ್ಲ. ಹೇಮಾವತಿಯ ನೀರು ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಿದರೆ ನಮ್ಮ ನಲ್ಲಿಗಳಿಗೆ ಜೀವ. ಅಂಥ ಊರಿನಲ್ಲಿ, ಸಮಿತಿಯ ಸದಸ್ಯರೊಬ್ಬರು ರಾತ್ರಿ "ನಾಳೆ ನೀರು ಬರಲ್ಲ?" ಎಂದು ಬರೆದು ಮಲಗಿಬಿಟ್ಟರು. ಕೆಲವರು ತಿಳಿಸಿದ್ದಕ್ಕೆ ಕೈಮುಗಿದರು, ಕೆಲವರು ತಮಗೆ ಗೊತ್ತಿಲ್ಲ ಎಂದು ಉತ್ತರಿಸಿದರು, ಮೂರನೆಯ ಮನೆಯ ಅಜ್ಜಿ ಮಾತ್ರ ಯಾರ ಮಾತಿಗೂ ಕಾಯದೆ ಇದ್ದಬದ್ದ ಕೊಡಗಳನ್ನೆಲ್ಲ ತುಂಬಿಸಿಟ್ಟರು. ಬೆಳಿಗ್ಗೆ ನೀರು ಬಂತು. ಸದಸ್ಯರನ್ನು ವಿಚಾರಿಸಿದರೆ, "ನಾನು ಬರಲ್ಲ ಅಂತ ಎಲ್ಲಿ ಹೇಳಿದೆ" ಎಂದರು. ನೀರು ಬಾರದೆ ಹೋಗಿದ್ದರೆ ಇದೇ ಮಹಾನುಭಾವರು, ರಾತ್ರಿಯೇ ಹೇಳಿದ್ದೆನಲ್ಲ ಎನ್ನುತ್ತಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿಯೇ. ಹೇಳಿಕೆಯ ಬಾಲಕ್ಕೆ ಈ ಕೊಕ್ಕೆ ಸಿಕ್ಕಿಸುವವರು ಮಾತನ್ನೂ ಆಡುತ್ತಾರೆ, ಆಡಿದ ಮಾತಿನ ಹೊಣೆಯನ್ನು ಓದುವವನ ತಲೆಗೂ ಕಟ್ಟುತ್ತಾರೆ.

ಇಂಗ್ಲಿಷಿನಲ್ಲಿ ಇದು ಹೇಗೋ ನಡೆಯುತ್ತದೆ. "ಯೂ ಆರ್ ಕಮಿಂಗ್" ಎಂಬ ಹೇಳಿಕೆಯ ಕೊನೆಗೆ ಚಿಹ್ನೆ ಇಟ್ಟರೆ, ಒಂದು ಪದವನ್ನೂ ಅಲುಗಾಡಿಸದೆ ಅದು ಪ್ರಶ್ನೆಯಾಗುತ್ತದೆ. ಕನ್ನಡದ ಪ್ರಶ್ನೆ ಇರುವುದು ಮಾತಿನ ಒಳಗೆ. ಬರುತ್ತೀಯ ಎಂಬುದು ಬರುತ್ತೀಯಾ ಆದ ಕ್ಷಣ, ಇದೆ ಎಂಬುದು ಇದೆಯೇ ಆದ ಕ್ಷಣ ಪ್ರಶ್ನೆ ಮುಗಿಯಿತು. ಏಕೆ, ಎಲ್ಲಿ, ಯಾರು ಎಂಬವು ಬಂದರಂತೂ ಮತ್ತೇನೂ ಬೇಕಿಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಿಂದ ಹಿಡಿದು ತಾಳೆಗರಿಯ ಕಟ್ಟುಗಳವರೆಗೆ ಕನ್ನಡಿಗರು ಈ ಚಿಹ್ನೆಯ ಮುಖವನ್ನೇ ನೋಡದೆ ಬರೆದರು. ದೇವರನ್ನೂ ರಾಜರನ್ನೂ ಅವರು ಕೇಳಿದ ಪ್ರಶ್ನೆಗಳು ಯಾವುವೂ ಹೇಳಿಕೆಗಳೆಂದು ತಪ್ಪು ತಿಳಿಯಲ್ಪಟ್ಟಿಲ್ಲ. ಪದ್ಯದ ಕೊನೆಗೆ ಒಂದು ಗೀಟೋ ಎರಡು ಗೀಟೋ ಎಳೆದರೆ ಮುಗಿಯುತ್ತಿತ್ತು. ಪ್ರಶ್ನಾರ್ಥಕ ನಮ್ಮಲ್ಲಿಗೆ ಬಂದದ್ದು ಪಾಶ್ಚಾತ್ಯರ ಅಚ್ಚುಕೂಟದ ಜೊತೆಗೆ, ಹತ್ತೊಂಬತ್ತನೆಯ ಶತಮಾನದಲ್ಲಿ. ಬಂದದ್ದಕ್ಕೆ ನನ್ನ ತಕರಾರಿಲ್ಲ. ಅಚ್ಚುಕೂಟದ ಅನ್ನ ತಿನ್ನುವವನು ತಕರಾರು ತೆಗೆಯಲೂ ಬಾರದು.

ಜಪಾನೀ ಭಾಷೆಯಲ್ಲಿಯೂ ನಮ್ಮಂತೆಯೇ ವಾಕ್ಯದ ತುದಿಗೆ 'ಕಾ' ಎಂಬ ಪ್ರತ್ಯಯ ಸೇರಿದರೆ ಪ್ರಶ್ನೆಯಾಗುತ್ತದೆ. ಆದ್ದರಿಂದ ಔಪಚಾರಿಕ ಬರವಣಿಗೆಯಲ್ಲಿ ಅವರು ಅಂಥ ಪ್ರಶ್ನೆಗೆ ಪೂರ್ಣವಿರಾಮವನ್ನೇ ಇಟ್ಟು ಸುಮ್ಮನಾಗುತ್ತಾರೆ. ಸ್ಪೇನಿನವರದು ತದ್ವಿರುದ್ಧ ಸಂಕಟ. ಅವರ ಭಾಷೆಯಲ್ಲಿ ಹೇಳಿಕೆಗೂ ಪ್ರಶ್ನೆಗೂ ಪದಗಳ ಜೋಡಣೆ ಎಷ್ಟೋ ಕಡೆ ಒಂದೇ ಆಗಿರುವುದರಿಂದ ಕೊನೆಯ ಚಿಹ್ನೆಯೊಂದೇ ಸಾಲದೆಂದು, 1754ರಲ್ಲಿ ಅಲ್ಲಿನ ರಾಜಮನೆತನದ ಭಾಷಾ ಅಕಾಡೆಮಿ ವಾಕ್ಯದ ಆರಂಭಕ್ಕೂ ಒಂದು ತಲೆಕೆಳಗಾದ ಪ್ರಶ್ನಾರ್ಥಕವನ್ನು ವಿಧಿಸಿತು. ಓದುಗ ಗೊಂದಲಕ್ಕೆ ಬೀಳಬಾರದೆಂದು ಅವರು ಅಷ್ಟು ದೂರ ಹೋದರು. ನಾವು ಗೊಂದಲವೇ ಇಲ್ಲದ ಭಾಷೆಯನ್ನು ಕೈಯಲ್ಲಿಟ್ಟುಕೊಂಡು, ಹೊರಗಿನ ಚಿಹ್ನೆಯಿಂದ ಗೊಂದಲವನ್ನು ತಯಾರಿಸುತ್ತಿದ್ದೇವೆ. (ಈ ಬರಹದಲ್ಲಿ ನನ್ನ ಸ್ವಂತ ಪ್ರಶ್ನೆಗಳಿಗೆ ಎಲ್ಲಿಯೂ ಚಿಹ್ನೆ ಹಾಕಿಲ್ಲ. ಅವುಗಳಲ್ಲಿ ಯಾವುದಾದರೂ ಪ್ರಶ್ನೆಯೆಂದು ತಿಳಿಯದೆ ಹೋಗಿದ್ದರೆ ತಿಳಿಸಿ.)

ನಮ್ಮಲ್ಲಿ ಡಿಟಿಪಿ ಮಾಡುವ ಹುಡುಗಿ ಈ ವಿಷಯದಲ್ಲಿ ನನ್ನೊಡನೆ ವಾದಕ್ಕೇ ನಿಲ್ಲುತ್ತಾಳೆ. ಅವಳ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಕೆಲಸಕ್ಕೆ ಬಂದು ಮುಖ ಊದಿಸಿಕೊಂಡಿರುತ್ತಾಳೆ. "ಪೂರ್ಣವಿರಾಮ ಹಾಕಿದರೆ ಸಿಟ್ಟು ಬಂದಿರುವ ಹಾಗೆ ಕಾಣುತ್ತದೆ ಸಾರ್. ನೀವು 'ಬಾ.' ಎಂದು ಚುಕ್ಕೆ ಇಟ್ಟರೆ ನನಗೆ ಕೈ ನಡುಗುತ್ತದೆ. ಪ್ರಶ್ನೆ ಗುರುತು ಹಾಕಿದರೆ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ." ಇದರಲ್ಲಿ ಹುರುಳಿಲ್ಲದಿಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊಬೈಲ್ ಸಂದೇಶದ ಚುಟುಕು ಉತ್ತರಕ್ಕೆ ಪೂರ್ಣವಿರಾಮ ಇಟ್ಟರೆ ಓದುವ ವಿದ್ಯಾರ್ಥಿಗಳಿಗೆ ಅದು ಅಷ್ಟು ಮನಃಪೂರ್ವಕವಾದದ್ದಲ್ಲ ಎನಿಸುತ್ತದೆಂದು ಕಂಡುಬಂದಿತ್ತು. ಹೇಳಿಕೆಯನ್ನು ಪ್ರಶ್ನೆಯ ಏರುದನಿಯಲ್ಲಿ ಆಡುವ ಇಂಗ್ಲಿಷಿನ ರೂಢಿಯೂ ಹೊಸದಲ್ಲ. ಊಟ ಯಾವಾಗ ಎಂದು ಕೇಳಿದರೆ, ಉತ್ತರ ಗೊತ್ತಿರುವವರೇ "ಆರು ಗಂಟೆಗೆ?" ಎಂದು ದನಿ ಏರಿಸುವುದನ್ನು ರಾಬಿನ್ ಲೇಕಾಫ್ ಎಂಬ ಭಾಷಾವಿಜ್ಞಾನಿ 1970ರ ದಶಕದಲ್ಲಿಯೇ ಗುರುತಿಸಿದ್ದರು. 1993ರ ಹೊತ್ತಿಗೆ ಪತ್ರಿಕೆಯವರು ಅದಕ್ಕೆ 'ಅಪ್‌ಟಾಕ್' ಎಂದು ಹೆಸರನ್ನೂ ಇಟ್ಟಾಗಿತ್ತು.

ಇರಲಿ. ಚುಕ್ಕೆ ಕಂಡರೆ ಕೈ ನಡುಗುವವರು ಚುಕ್ಕೆ ಬಿಟ್ಟುಬಿಡಲಿ. ಸಂದೇಶದ ಗುಳ್ಳೆ ಮುಗಿದರೆ ವಾಕ್ಯ ಮುಗಿದಂತೆಯೇ, ನನ್ನ ಅಭ್ಯಂತರವಿಲ್ಲ. ಆದರೆ ಮೆತ್ತಗೆ ಮಾತನಾಡಲು ಕನ್ನಡಿಗನಿಗೆ ಹೊರಗಿನ ಚಿಹ್ನೆ ಬೇಕೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ಅದೇ ನೀರಿನ ಮಾತನ್ನು ಎಷ್ಟು ಬಗೆಯಲ್ಲಿ ಹೇಳಬಹುದಿತ್ತೆಂದು ನೋಡಿ. ಯಾರೋ ಹೇಳಿದ್ದನ್ನು ಕೇಳಿ ಬಂದಿದ್ದರೆ, ನಾಳೆ ನೀರು ಬರುವುದಿಲ್ಲವಂತೆ. ಆ 'ಅಂತೆ' ಒಂದೇ ಸಾಕು, ಸುದ್ದಿ ನನ್ನದಲ್ಲ, ಕೇಳಿದ್ದನ್ನು ದಾಟಿಸುತ್ತಿದ್ದೇನೆ ಎಂಬುದು ಪ್ರಾಮಾಣಿಕವಾಗಿ ಸ್ಪಷ್ಟವಾಗುತ್ತದೆ. ತನ್ನದೇ ಊಹೆಯಾದರೆ, ಬರುವುದಿಲ್ಲವೇನೋ. ವಾಲ್ವ್ ತಿರುಗಿಸುವವನು ಊರಿಗೆ ಹೋದದ್ದನ್ನು ಕಂಡು ಲೆಕ್ಕ ಹಾಕಿದ್ದರೆ, ಬರುವಂತೆ ಕಾಣುವುದಿಲ್ಲ. ಗೊತ್ತಿದ್ದೂ ಖಾತ್ರಿಪಡಿಸಿಕೊಳ್ಳಬೇಕಾದರೆ, ಬರುವುದಿಲ್ಲ ತಾನೇ. ಏನೂ ತಿಳಿಯದೆ ಕೇಳುವುದಾದರೆ, ಬರುವುದಿಲ್ಲವೇ. ಇವುಗಳ ಜೊತೆಗೆ ಬಂದೀತು, ಆದೀತು, ಇದ್ದಾನು ಎಂಬ ಸಂಭಾವನೆಯ ರೂಪಗಳಿವೆ. ಆಗಬಹುದು, ಆಗದೆಯೂ ಇರಬಹುದು ಎಂಬಷ್ಟನ್ನೂ ಒಂದೇ ಕ್ರಿಯಾಪದದ ಹೊಟ್ಟೆಯಲ್ಲಿ ಇಟ್ಟುಕೊಂಡ ರೂಪಗಳು ಇವು. ಪಾವಗಡದಿಂದ ತಿಪಟೂರಿನವರೆಗೆ ಶಾಲೆಯ ಮೆಟ್ಟಿಲು ಹತ್ತದ ಮುದುಕಿಯರು ಇವನ್ನು ಒಂದಕ್ಕೊಂದು ಬೆರೆಸದೆ ದಿನವಿಡೀ ಬಳಸುತ್ತಾರೆ. ಪದವಿ ಪಡೆದ ಮೊಮ್ಮಕ್ಕಳು ಈ ಎಲ್ಲ ಅನುಮಾನಗಳನ್ನೂ ಒಂದೇ ಕೊಕ್ಕೆಗೆ ನೇತುಹಾಕಿ, ಯಾವ ಅನುಮಾನ ಎಂಬುದನ್ನು ನಾವು ಹುಡುಕಿಕೊಳ್ಳಲಿ ಎಂದು ಬಿಡುತ್ತಾರೆ.

ಟಿವಿಯವರ ಮಾತಂತೂ ಬೇಡ. "ಮಂತ್ರಿಮಂಡಲದಿಂದ ಹಿರಿಯ ಸಚಿವರಿಗೆ ಕೊಕ್?" ಎಂದು ತೆರೆಯ ತುಂಬ ಕೆಂಪಕ್ಷರದಲ್ಲಿ ಓಡಿಸುವುದು ಅಜ್ಞಾನದಿಂದಲ್ಲ, ಲೆಕ್ಕಾಚಾರದಿಂದ; ನಿಜವಾದರೆ ಮೊದಲು ಹೇಳಿದ್ದು ನಾವೇ, ಸುಳ್ಳಾದರೆ ನಾವು ಕೇಳಿದ್ದಷ್ಟೇ. ಪ್ರಶ್ನಾರ್ಥಕದಿಂದ ಮುಗಿಯುವ ಯಾವುದೇ ಶೀರ್ಷಿಕೆಗೆ 'ಇಲ್ಲ' ಎಂದು ಉತ್ತರಿಸಬಹುದೆಂದು ಇಯಾನ್ ಬೆಟ್‌ರಿಜ್ ಎಂಬ ಬ್ರಿಟಿಷ್ ಪತ್ರಕರ್ತರು 2009ರಲ್ಲಿ ಬರೆದದ್ದು ಒಂದು ನಿಯಮದಂತೆಯೇ ಪ್ರಸಿದ್ಧವಾಯಿತು. ನಮ್ಮ ಬಡಾವಣೆಯ ಸದಸ್ಯರು ಈ ವಿದ್ಯೆಯನ್ನು ಟಿವಿಯಿಂದಲೇ ಕಲಿತರೇನೋ.

ಇಷ್ಟು ಚಿಕ್ಕ ಗುರುತಿಗೆ ಇಷ್ಟು ಕೋಪ ಏಕೆ ಎಂದು ನಮ್ಮ ಮನೆಯವಳು ಕೇಳುತ್ತಾಳೆ. ಕಾರಣ ಅವಳಿಗೂ ಗೊತ್ತು. ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ ರಾತ್ರಿ ನಾನು ಬಸ್ಸಿನಲ್ಲಿದ್ದೆ. ದಾಬಸ್‌ಪೇಟೆಯ ಹತ್ತಿರ ಮುಂದೆ ಲಾರಿಯೊಂದು ಅಡ್ಡಬಿದ್ದು ಗಾಡಿಗಳೆಲ್ಲ ನಿಂತಿದ್ದವು. ಆಗ ತಮ್ಮನ ಸಂದೇಶ ಬಂತು: "ಗಾಬರಿ ಏನಿಲ್ಲ ಅಂದರು ಡಾಕ್ಟರು?" ಅದರ ಬೆನ್ನಿಗೇ ಅವನ ಫೋನ್ ಸ್ವಿಚ್ ಆಫ್ ಆಯಿತು. ಗಾಬರಿಯಿಲ್ಲ ಎಂದು ವೈದ್ಯರು ಹೇಳಿದರೋ, ಹೇಳಿದ್ದನ್ನು ಇವನು ನಂಬಲಿಲ್ಲವೋ, ಅಥವಾ ಡಾಕ್ಟರು ನನಗೇನಾದರೂ ಫೋನ್ ಮಾಡಿ ಹಾಗೆಂದರೇ ಎಂದು ಇವನು ನನ್ನನ್ನೇ ಕೇಳುತ್ತಿದ್ದಾನೋ. ಆ ಕತ್ತಲೆಯಲ್ಲಿ ಮೊಬೈಲಿನ ಬೆಳಕಿಗೆ ಹಿಡಿದು, ಅಕ್ಷರಗಳನ್ನು ಬಿಟ್ಟು ಆ ಗುರುತೊಂದನ್ನೇ ನಾನು ಮತ್ತೆ ಮತ್ತೆ ನೋಡಿದೆ. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತರಿಗೂ ತೋರಿಸಿ, ಇದರ ಅರ್ಥವೇನಿರಬಹುದು ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, "ನಿಮ್ಮ ತಮ್ಮನವರಿಗೇ ಗೊತ್ತು ಸ್ವಾಮಿ" ಎಂದರು. ಅಮ್ಮ ಹುಷಾರಾಗಿ ಮನೆಗೆ ಬಂದರು, ಈಗ ಅವನ ಮನೆಯಲ್ಲಿಯೇ ಇದ್ದಾರೆ. ಆ ರಾತ್ರಿ ನೆಲಮಂಗಲ ದಾಟುವವರೆಗೆ ನಾನು ಅನುಭವಿಸಿದ್ದನ್ನು ತಮ್ಮನಿಗೆ ಇದುವರೆಗೂ ಹೇಳಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾನೆ, ಅವನೂ ಆ ಹೊತ್ತಿನಲ್ಲಿ ಒಬ್ಬನೇ ಓಡಾಡುತ್ತಿದ್ದ.

ಅವನ ಅಭ್ಯಾಸವಂತೂ ಬಿಟ್ಟಿಲ್ಲ. "ಅಮ್ಮ ಮಾತ್ರೆ ತಗೊಂಡರು?" ಎಂದು ಅಮ್ಮನ ಪಕ್ಕದಲ್ಲಿಯೇ ಕುಳಿತು ಬರೆಯುತ್ತಾನೆ. ನಾನು ತಕ್ಷಣ ಫೋನ್ ಮಾಡುತ್ತೇನೆ. "ಇಷ್ಟಕ್ಕೆಲ್ಲ ಫೋನ್ ಯಾಕಣ್ಣ, ಮೆಸೇಜ್ ಹಾಕಿದೆನಲ್ಲ" ಎಂದು ನಗುತ್ತಾನೆ. ಈ ಬರಹ ಮುಗಿಸುವ ಹೊತ್ತಿಗೆ ಸರಿಯಾಗಿ ಅವನದೇ ಇನ್ನೊಂದು ಬಂದಿದೆ: "ಭಾನುವಾರ ಎಲ್ಲರೂ ತುಮಕೂರಿಗೆ ಬರುತ್ತೇವೆ?" ಅಡುಗೆಗೆ ಎಷ್ಟು ಜನರೆಂದು ಮನೆಯವಳು ಒಳಗಿನಿಂದ ಕೇಳುತ್ತಿದ್ದಾಳೆ. ಫೋನ್ ಮಾಡಿ ಬರುತ್ತೇನೆ.